ತಂಬೂರಿಗೂ ಒಂದು ಸ್ಪೀಕರು

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆ ಹೋಬಳಿಯಲ್ಲಾಗಲಿ, ಪಕ್ಕದ ಮಳವಳ್ಳಿ ಸೀಮೆಯಲ್ಲಾಗಲಿ, ಊರಹಬ್ಬ ಬಂತೆಂದರೆ ಎಲ್ಲರಿಗಿಂತ ಮೊದಲು ಊರಿಗೆ ಬರುವವರು ಮೈಕ್‌ಸೆಟ್ಟಿನವರು. ದೇವಸ್ಥಾನದ ಮುಂದಿನ ಲೈಟುಕಂಬಕ್ಕೊಂದು, ಅರಳಿಕಟ್ಟೆಗೊಂದು, ಊರಬಾಗಿಲಿಗೊಂದು ಹಾರ್ನ್ ಕಟ್ಟಿ, ಸೀರಿಯಲ್ ಸೆಟ್ ಎಳೆದು ಮುಗಿಸುವ ಹೊತ್ತಿಗೆ ಹಬ್ಬ ಶುರುವಾಯಿತೆಂದೇ ಲೆಕ್ಕ. ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸವಪ್ಪ ಬೀದಿಗೆ ಬಂದಾಗ ಮುಂದೆ ಬಡಿಯುವ ತಮಟೆಗೆ ಯಾವ ಮೈಕಿನ ಹಂಗೂ ಇಲ್ಲ. ತಮಟೆ ಬಯಲಿಗೆಂದೇ ಹುಟ್ಟಿದ ವಾದ್ಯ. ತೊಡಕು ಕಾಣಿಸಿಕೊಳ್ಳುವುದು ರಾತ್ರಿ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಮೇಳವೋ ಕಂಸಾಳೆಯವರೋ ವೇದಿಕೆ ಹತ್ತಿದಾಗ.

ಮೇಳದಲ್ಲಿ ನಾಲ್ಕೈದು ಮಂದಿ. ತಂಬೂರಿ, ಗಗ್ಗರ, ದಮ್ಮಡಿ, ತಾಳ ಎಂದು ಅಷ್ಟೇ ವಾದ್ಯ. ಮೈಕು ಒಂದೋ ಎರಡೋ. ಮುಂದಿನ ಗಾಯಕ ಮೈಕಿಗೆ ಬಾಯಿ ಹಚ್ಚುತ್ತಾನೆ. ಹಿಮ್ಮೇಳದವರು ಸೊಲ್ಲು ಎತ್ತಿಕೊಳ್ಳಲು ಅದೇ ಮೈಕಿನತ್ತ ಕತ್ತು ಚಾಚುತ್ತಾರೆ. ಹೆಗಲಿಗೊರಗಿದ ತಂಬೂರಿಯ ನಾದ ಮೈಕಿನವರೆಗೆ ತಲುಪುವುದೇ ಇಲ್ಲ. ತಲುಪಿದರೂ ಹಾರ್ನಿನ ತಗಡಿನ ಗಂಟಲಲ್ಲಿ ಅದರ ತಳದ ಗುಂಗು ಇಳಿದುಹೋಗಿ, ಮೇಲಿನ ಜಿರಿಜಿರಿ ಮಾತ್ರ ಉಳಿಯುತ್ತದೆ. ಕಂಸಾಳೆಯ ಕಥೆ ಇದರ ತದ್ವಿರುದ್ಧ. ಮನುಷ್ಯನ ಕಿವಿ ಅತಿ ಚುರುಕಾಗಿರುವ ಎತ್ತರದ ಸ್ತರಗಳಲ್ಲೇ ಕಂಚಿನ ಪೆಟ್ಟು ಮೊಳಗುತ್ತದೆ. ಹಾರ್ನು ಜೋರಾಗಿ ಕೂಗುವುದೂ ಹೆಚ್ಚುಕಡಿಮೆ ಅಲ್ಲೇ. ಎರಡೂ ಕೂಡಿದಾಗ ಹಾಡಿನ ಮಾತು ಕಂಚಿನ ಸದ್ದಿನಡಿ ಹೂತುಹೋಗುತ್ತದೆ. ಕಥೆ ಕೇಳಲು ಬಂದವರಿಗೆ ಕಥೆ ಕೇಳಿಸುವುದಿಲ್ಲ. ಜನಪದ ಹಾಡು ಯಾರಿಗೂ ಬೇಡವಾಗಿದೆ ಎಂದು ಮರುದಿನ ಯಾರೋ ಮರುಗುತ್ತಾರೆ.

ಜನಪದ ಮತ್ತು ರಾಕ್ ಸಂಗೀತದ ಮಾತು ಬಂದಾಗಲೆಲ್ಲ ಕನ್ನಡದಲ್ಲಿ ಏಳುವ ಪ್ರಶ್ನೆ ಒಂದೇ: ತತ್ವಪದಕ್ಕೋ ಮಾದೇಶ್ವರನ ಪದಕ್ಕೋ ಗಿಟಾರು, ಡ್ರಮ್ಸು ಸೇರಿಸಬಹುದೆ, ಸೇರಿಸಿದರೆ ಅದು ಕೆಟ್ಟುಹೋಗುತ್ತದೆಯೆ? ಈ ಜಗಳದಲ್ಲಿ ಎರಡೂ ಕಡೆಯವರು ರಾಕ್ ಎಂದರೆ ಗಿಟಾರು ಎಂದುಕೊಂಡಿದ್ದಾರೆ. ರಾಕ್ ಸಂಗೀತಗಾರರು ಸಾಧಿಸಿದ್ದರಲ್ಲಿ ಗಿಟಾರಿಗಿಂತ ದೊಡ್ಡದು ಇನ್ನೊಂದಿದೆ. ತಮ್ಮ ನಾದ ಕೇಳುಗನ ಕಿವಿಗೆ ಯಾವ ರೂಪದಲ್ಲಿ ಮುಟ್ಟಬೇಕೆಂಬ ತೀರ್ಮಾನವನ್ನು ಅವರು ಬೇರೆಯವರ ಕೈಯಿಂದ ತಮ್ಮ ಕೈಗೆ ತೆಗೆದುಕೊಂಡರು. ಮಂಡ್ಯ ಜಿಲ್ಲೆಯ ಜನಪದ ಗಾಯಕರು ರಾಕ್‌ನಿಂದ ಪಡೆಯಬೇಕಾದದ್ದು ಈ ಹಿಡಿತವನ್ನು.

ಆ ಹಿಡಿತ ರಾಕ್‌ನವರಿಗೂ ಸುಲಭವಾಗಿ ದಕ್ಕಿದ್ದಲ್ಲ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ಹಾಡಿದಾಗ ಸೇರಿದ್ದವರು 55,000ಕ್ಕೂ ಹೆಚ್ಚು ಮಂದಿ. ವಾಕ್ಸ್ ಕಂಪನಿ ಆ ಪ್ರವಾಸಕ್ಕೆಂದೇ 100 ವಾಟ್‌ನ ಆಂಪ್ಲಿಫೈಯರುಗಳನ್ನು ಮಾಡಿಕೊಟ್ಟಿತ್ತು. ಹಾಡುವ ದನಿಯನ್ನು ಮಾತ್ರ ಕ್ರೀಡಾಂಗಣದ ಪ್ರಕಟಣೆಯ ಸ್ಪೀಕರುಗಳಿಗೇ ಬಿಡಲಾಗಿತ್ತು, ಆಟಗಾರರ ಹೆಸರು ಕೂಗಲು ಹಾಕಿದ್ದ ಸ್ಪೀಕರುಗಳಿಗೆ. ಅಭಿಮಾನಿಗಳ ಕಿರುಚಾಟದ ನಡುವೆ ನಾಲ್ವರಿಗೂ ತಮ್ಮ ಹಾಡೇ ಸರಿಯಾಗಿ ಕೇಳಿಸಲಿಲ್ಲ. ಜಗತ್ತಿನ ಅತಿ ಪ್ರಸಿದ್ಧ ತಂಡದ ಅಂದಿನ ಪಾಡಿಗೂ, ಕಂಬದ ಹಾರ್ನಿಗೆ ಕಥೆ ಒಪ್ಪಿಸುವ ನೀಲಗಾರರ ಇಂದಿನ ಪಾಡಿಗೂ ಹೆಚ್ಚಿನ ಅಂತರವಿಲ್ಲ. ಮರುವರ್ಷ, 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿದ ಮೇಲೆ ಬೀಟಲ್ಸ್ ಪ್ರವಾಸವನ್ನೇ ನಿಲ್ಲಿಸಿಬಿಟ್ಟರು.

ಆದರೆ ಅವರ ಓರಗೆಯವರು ವೇದಿಕೆ ಬಿಡಲಿಲ್ಲ. ಲಂಡನ್ನಿನಲ್ಲಿ ಡ್ರಮ್ ಮಾರುವ ಅಂಗಡಿ ಇಟ್ಟುಕೊಂಡಿದ್ದ ಜಿಮ್ ಮಾರ್ಷಲ್ ಗಿರಾಕಿಗಳ ಒತ್ತಾಯಕ್ಕೆ ಆಂಪ್ಲಿಫೈಯರ್ ಮಾಡಲು ಇಳಿದರು. ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ಇನ್ನೂ ಜೋರಾದದ್ದು ಬೇಕೆಂದರು. 100 ವಾಟ್‌ನದು ತಯಾರಾಯಿತು. ಎಂಟು ಸ್ಪೀಕರುಗಳ ಒಂದೇ ಪೆಟ್ಟಿಗೆ ಹೊರಲಾರದಷ್ಟು ಭಾರವಾದಾಗ ಅದನ್ನು ನಾಲ್ಕು ನಾಲ್ಕರ ಎರಡು ಪೆಟ್ಟಿಗೆ ಮಾಡಿ ಒಂದರ ಮೇಲೊಂದು ಪೇರಿಸಿದರು. ರಾಕ್ ವೇದಿಕೆಯ ಗುರುತೇ ಆಗಿಹೋದ ಮಾರ್ಷಲ್ ಪೆಟ್ಟಿಗೆಗಳ ಅಟ್ಟಣೆ ಹುಟ್ಟಿದ್ದು ಹೀಗೆ. ಇಲ್ಲಿ ಗಮನಿಸಬೇಕಾದದ್ದು ವಾಟ್‌ಗಳ ಲೆಕ್ಕವನ್ನಲ್ಲ. ನುಡಿಸುವವನು ಅಂಗಡಿಗೆ ಹೋಗಿ ತನಗೆ ಇಂಥದೇ ನಾದ ಬೇಕು ಎಂದು ಕೇಳಿದ, ಮಾಡುವವನು ಕಿವಿಗೊಟ್ಟ. ವಾದ್ಯ ಅಂದರೆ ಬರೀ ಮರ ಮತ್ತು ತಂತಿ ಅಲ್ಲ, ತಂತಿಯ ತುದಿಯಿಂದ ಸ್ಪೀಕರಿನವರೆಗಿನ ಇಡೀ ದಾರಿ ಎಂಬ ತಿಳಿವಳಿಕೆ ಆ ಮಾತುಕತೆಯಲ್ಲಿತ್ತು.

ಈ ತಿಳಿವಳಿಕೆಯನ್ನು ತುತ್ತತುದಿಗೆ ಒಯ್ದವರು ಕ್ಯಾಲಿಫೋರ್ನಿಯಾದ ಗ್ರೇಟ್‌ಫುಲ್ ಡೆಡ್ ತಂಡದವರು. 1974ರಲ್ಲಿ ಅವರು ಕಟ್ಟಿದ ಧ್ವನಿವ್ಯವಸ್ಥೆಗೆ ‘ವಾಲ್ ಆಫ್ ಸೌಂಡ್’ ಎಂಬ ಹೆಸರಾಯಿತು. ಸುಮಾರು 600 ಸ್ಪೀಕರುಗಳ ಆ ಗೋಡೆ ನಿಂತದ್ದು ಸಂಗೀತಗಾರರ ಬೆನ್ನ ಹಿಂದೆ. ಹಾಗಾಗಿ ಜನ ಕೇಳಿದ್ದನ್ನೇ ನುಡಿಸುವವರೂ ಕೇಳುತ್ತಿದ್ದರು. ಒಂದೊಂದು ವಾದ್ಯಕ್ಕೂ ಬೇರೆ ಬೇರೆ ಸ್ಪೀಕರುಗಳ ಸಾಲು. ಬಾಸ್ ಗಿಟಾರಿನ ಒಂದೊಂದು ತಂತಿಯ ನಾದವೂ ತನ್ನದೇ ಸ್ಪೀಕರಿನಿಂದ ಹೊರಡುವ ಏರ್ಪಾಟು. ಒಂದು ವಾದ್ಯ ಇನ್ನೊಂದರ ಮೇಲೆ ಬಿದ್ದು ಕಲಸಿಹೋಗುವ ಪ್ರಶ್ನೆಯೇ ಇರಲಿಲ್ಲ. ಬೆನ್ನ ಹಿಂದಿನ ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ನುಗ್ಗಿ ಕುಯ್ಯೆಂದು ಕೂಗಬಾರದಲ್ಲ, ಅದಕ್ಕೂ ಉಪಾಯವಿತ್ತು. ಹಾಡುವವನ ಮುಂದೆ ಎರಡು ಮೈಕು ಜೋಡಿಸಿ, ಒಂದರ ಸಂಕೇತವನ್ನು ಇನ್ನೊಂದಕ್ಕೆ ವಿರುದ್ಧವಾಗಿ ಹರಿಸಿದರು. ಹಿಂದಿನ ಸದ್ದು ಎರಡಕ್ಕೂ ಸಮನಾಗಿ ಬಿದ್ದು ತನ್ನನ್ನು ತಾನೇ ಅಳಿಸಿಕೊಳ್ಳುತ್ತಿತ್ತು. ಒಂದೇ ಮೈಕಿಗೆ ಬಾಯಿಟ್ಟು ಹಾಡಿದವನ ದನಿ ಮಾತ್ರ ಉಳಿಯುತ್ತಿತ್ತು.

ಆ ಗೋಡೆ ಒಂದು ವರ್ಷವೂ ಬಾಳಲಿಲ್ಲ. ಎಪ್ಪತ್ತೈದು ಟನ್ ತೂಕದ ಸರಂಜಾಮನ್ನು ಊರಿಂದೂರಿಗೆ ಸಾಗಿಸುವ ಖರ್ಚು ತಡೆಯಲಾಗದೆ ಅದೇ ವರ್ಷದ ಅಕ್ಟೋಬರಿನಲ್ಲಿ ಕೈಬಿಟ್ಟರು. ಆದರೂ ಅದರ ತತ್ವ ಉಳಿಯಿತು: ಒಂದೊಂದು ನಾದಕ್ಕೂ ತನ್ನ ಜಾಗ, ನುಡಿಸುವವನಿಗೆ ತನ್ನ ನಾದ ಕೇಳಿಸುವ ಹಕ್ಕು. ಈ ಎರಡಕ್ಕೂ ಎಪ್ಪತ್ತೈದು ಟನ್ ಬೇಕಿಲ್ಲ. ಐದು ಜನರ ಮೇಳಕ್ಕೆ ಐದು ಮೈಕು, ಒಂದು ಸಣ್ಣ ಮಿಕ್ಸರು, ಹಾಡುವವರ ಕಡೆಗೇ ಮುಖ ಮಾಡಿದ ಒಂದು ಮಾನಿಟರ್ ಸ್ಪೀಕರು, ಜನರ ಕಡೆಗೆ ಎರಡು ಒಳ್ಳೆಯ ಬಾಕ್ಸು ಸಾಕು. ಮದುವೆಯ ಆರ್ಕೆಸ್ಟ್ರಾದವರು ಮಂಡ್ಯದ ಯಾವ ಛತ್ರಕ್ಕಾದರೂ ಇದಕ್ಕಿಂತ ಹೆಚ್ಚು ಸಾಮಾನು ತರುತ್ತಾರೆ. ಕೀಬೋರ್ಡಿಗೂ ರಿದಂ ಪ್ಯಾಡಿಗೂ ಒಂದೊಂದು ಕೇಬಲ್ ಎಳೆಯುವ ಕೈಗೆ ತಂಬೂರಿಗೂ ಒಂದು ಎಳೆಯಬೇಕೆಂದು ತೋಚದೆ ಇರುವುದು ಬಡತನದಿಂದಲ್ಲ. ತಂಬೂರಿಯನ್ನು ಕೇಳಿಸಬೇಕಾದ ವಾದ್ಯವೆಂದು ಯಾರೂ ಎಣಿಸಿಲ್ಲ. ಅದನ್ನು ಕೈಯಲ್ಲಿ ಹಿಡಿಯುವ ವೇಷದ ಭಾಗವೆಂದು ತಿಳಿದಿದ್ದಾರೆ.

ಊರಹಬ್ಬದ ಬಯಲಿಗೆ ನೇರವಾಗಿ ಅನ್ವಯಿಸುವ ಇನ್ನೊಂದು ಪಾಠವೂ ರಾಕ್ ಚರಿತ್ರೆಯಲ್ಲಿದೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವಿದ್ಯುತ್ತು ತಂತಿಯಲ್ಲಿ ಕಣ್ಣೆವೆ ಮಿಟುಕುವ ಮುನ್ನ ಮುಟ್ಟುತ್ತದೆ. ಗುಡಿಯ ಮುಂದೆ ಒಂದು ಹಾರ್ನ್, ನೂರು ಮೀಟರ್ ಆಚೆ ಇನ್ನೊಂದು ಇದ್ದರೆ, ಎರಡನೆಯದರ ಬುಡದಲ್ಲಿ ನಿಂತವನಿಗೆ ಹತ್ತಿರದ ಮಾತು ಮೊದಲು ಕೇಳಿ, ದೂರದ್ದು ಸೆಕೆಂಡಿನ ಸುಮಾರು ಮೂರನೇ ಒಂದು ಭಾಗ ತಡವಾಗಿ ಬಂದು ಮೇಲೆ ಬೀಳುತ್ತದೆ. ಹಳ್ಳಿಯ ಬೀದಿಯಲ್ಲಿ ಹಾಡಿನ ಮಾತು ಒಡೆದು ಕಲಸಿಹೋಗಲು ಮುಖ್ಯ ಕಾರಣ ಇದೇ. ಸದ್ದು ಹೆಚ್ಚಿಸಿದರೆ ಕಲಸುವುದೂ ಹೆಚ್ಚುತ್ತದೆ. 1973ರ ಜುಲೈನಲ್ಲಿ ಅಮೆರಿಕದ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಸುಮಾರು ಆರು ಲಕ್ಷ ಜನ ಸೇರಿದ್ದ ರಾಕ್ ಮೇಳದಲ್ಲಿ ದೂರದ ಗೋಪುರಗಳ ಸ್ಪೀಕರುಗಳಿಗೆ ಹೋಗುವ ಸಂಕೇತವನ್ನು ಬೇಕೆಂದೇ ಅಷ್ಟಷ್ಟು ತಡೆಹಿಡಿದು ಬಿಟ್ಟರು. ವೇದಿಕೆಯ ಸದ್ದೂ ಗೋಪುರದ ಸದ್ದೂ ಒಟ್ಟಿಗೆ ಕಿವಿಗೆ ಬಿದ್ದವು. ಅಂದು ಅಪರೂಪವಾಗಿದ್ದ ಆ ತಡೆಯಂತ್ರ ಈಗ ಸಾಧಾರಣ ಡಿಜಿಟಲ್ ಮಿಕ್ಸರಿನೊಳಗೇ ಇರುತ್ತದೆ. ಬಳಸುವ ತಿಳಿವಳಿಕೆಯೊಂದೇ ಬಾಕಿ.

ಇದೆಲ್ಲ ಕರ್ನಾಟಕಕ್ಕೆ ದೂರದ ಮಾತಲ್ಲ. ಮದ್ದೂರಿನಿಂದ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಬೆಂಗಳೂರಿನ ಅರಮನೆ ಮೈದಾನ ದೇಶದ ರಾಕ್ ಕೇಳುಗರ ಮುಖ್ಯ ಬಯಲಾಗಿ ಹೆಸರಾಯಿತು. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2002ರಲ್ಲಿ, ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್‌ನಲ್ಲಿ, ಐರನ್ ಮೇಡನ್ 2007ರ ಮಾರ್ಚ್‌ನಲ್ಲಿ, ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಬೆಂಗಳೂರಿನಲ್ಲಿ ನುಡಿಸಿದರು. ಅದೇ ಅರಮನೆ ಮೈದಾನದಲ್ಲಿ 2005ರಲ್ಲಿ ಸಿ. ಅಶ್ವತ್ಥ್ ಅವರ ‘ಕನ್ನಡವೇ ಸತ್ಯ’ ನಡೆಯಿತು. ಭಾವಗೀತೆಯನ್ನೂ ತತ್ವಪದವನ್ನೂ ಕೇಳಲು ಜನಸಾಗರವೇ ಸೇರಿತು. ಕನ್ನಡದ ಕಾವ್ಯ ಸಣ್ಣ ಸಭಾಂಗಣಕ್ಕೆ ಮಾತ್ರ ಸರಿ ಎಂಬ ನಂಬಿಕೆಯನ್ನು ಅಂದಿನ ರಾತ್ರಿ ಮುರಿಯಿತು. ರಾಕ್ ತಂಡಗಳಿಗೆ ಕೊಡುವಂಥ ವೇದಿಕೆ, ಬೆಳಕು, ಧ್ವನಿಯನ್ನು ಕುವೆಂಪು, ಬೇಂದ್ರೆ, ಷರೀಫರ ಪದಗಳಿಗೂ ಕೊಟ್ಟರೆ ಜನ ಬರುತ್ತಾರೆ, ಕೂತು ಕೇಳುತ್ತಾರೆ ಎಂದು ಕಣ್ಣಾರೆ ಕಂಡಿತು.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಷರೀಫರ ಪದಗಳಿದ್ದವು. 2011ರಲ್ಲಿ ಅವರ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. ಅವರ ತಮ್ಮ ವಾಸು ದೀಕ್ಷಿತ್ ಮುಂದಾಳಾಗಿರುವ ಸ್ವರಾತ್ಮ ತಂಡ 2009ರಲ್ಲಿ ಹೊರತಂದ ಆಲ್ಬಮ್ಮಿನಲ್ಲಿ ಕಾವೇರಿ ನೀರಿನ ಜಗಳದ ಬಗ್ಗೆ ಒಂದು ಹಾಡಿದೆ. ಕಾವೇರಿಯೇ ಬದುಕಾದ ಮಂಡ್ಯ ಸೀಮೆಯ ನೋವು ರಾಕ್ ಹಾಡಿನ ವಸ್ತುವಾಗಿದೆ. ಮುಂದೆ ಬ್ರಿಟಿಷ್ ಕೌನ್ಸಿಲ್ಲಿನ ಯೋಜನೆಯೊಂದರಲ್ಲಿ ಸ್ವರಾತ್ಮದ ಹಾಡನ್ನು ಮುದ್ರಿಸಿದವರು ಜಾನ್ ಲೆಕಿ, ಪಿಂಕ್ ಫ್ಲಾಯ್ಡ್‌ನ ಧ್ವನಿಮುದ್ರಣದಲ್ಲಿ ಕೆಲಸ ಮಾಡಿದ, ರೇಡಿಯೋಹೆಡ್‌ನ ‘ದಿ ಬೆಂಡ್ಸ್’ ಆಲ್ಬಮ್ ರೂಪಿಸಿದ ಅದೇ ಲೆಕಿ. ಈ ತಂಡಗಳು ಗಿಟಾರು ಸೇರಿಸಿ ಜನಪದವನ್ನು ಹಾಳುಮಾಡಿದವೋ ಉಳಿಸಿದವೋ ಎಂದು ವಾದಿಸುವವರು ಒಂದು ಸಂಗತಿಯನ್ನು ಬಿಟ್ಟುಬಿಡುತ್ತಾರೆ. ಇಂಥ ತಂಡಗಳು ಊರಿಗೆ ಬರುವ ಮೊದಲೇ ತಮಗೆ ಬೇಕಾದ ಮೈಕು, ಸ್ಪೀಕರು, ಯಾರು ಎಲ್ಲಿ ನಿಲ್ಲುತ್ತಾರೆಂಬ ನಕ್ಷೆ ಎಲ್ಲವನ್ನೂ ಸಂಘಟಕರಿಗೆ ಬರೆದು ಕಳಿಸುವುದು ರೂಢಿ. ಸಂಜೆಯ ಕಾರ್ಯಕ್ರಮಕ್ಕೆ ಮಧ್ಯಾಹ್ನವೇ ಸೌಂಡ್ ಚೆಕ್ ನಡೆಯುತ್ತದೆ. ಷರೀಫರ ಪದ ಗ್ಲಾಸ್ಟನ್‌ಬರಿಯಲ್ಲಿ ಸ್ಪಷ್ಟವಾಗಿ ಕೇಳಿಸಿದ್ದರಲ್ಲಿ ಆ ಹಾಳೆಗೂ ಪಾಲಿದೆ. ಸರ್ಕಾರಿ ಉತ್ಸವಕ್ಕೆ ಬರುವ ಕಂಸಾಳೆ ತಂಡಕ್ಕೆ ಸಿಗುವ ಸೂಚನೆ ಹತ್ತು ನಿಮಿಷದಲ್ಲಿ ಮುಗಿಸಿ ಎಂಬುದೊಂದೇ.

ಮುದ್ರಣದ ವಿಷಯಕ್ಕೆ ಬಂದರೂ ಇದೇ ಅಸಮಾನತೆ. ಪ್ರವಾಸ ನಿಲ್ಲಿಸಿದ ಬೀಟಲ್ಸ್ ತಮ್ಮ 1967ರ ಆಲ್ಬಮ್ ‘ಸಾರ್ಜೆಂಟ್ ಪೆಪ್ಪರ್ಸ್’ ಮುದ್ರಿಸಿದ್ದು ಕೇವಲ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ. ಇದ್ದ ಯಂತ್ರದ ಮಿತಿಯನ್ನು ಹೇಗೆ ದಾಟಬಹುದೆಂದು ಹಾಡುಗಾರರೂ ಎಂಜಿನಿಯರುಗಳೂ ಒಟ್ಟಿಗೆ ಕೂತು ಯೋಚಿಸಿದ್ದರಿಂದ ಆ ರೆಕಾರ್ಡು ಹಾಗಾಯಿತು. ಮೂರು ನಿಮಿಷದ ಹಾಡಿನ ಕಟ್ಟು ಕಳಚಿ, 1971ರಲ್ಲಿ ಪಿಂಕ್ ಫ್ಲಾಯ್ಡ್ ಒಂದೇ ರಚನೆಗೆ ಲಾಂಗ್‌ಪ್ಲೇ ರೆಕಾರ್ಡಿನ ಇಡೀ ಒಂದು ಬದಿಯನ್ನು, ಇಪ್ಪತ್ತಮೂರು ನಿಮಿಷವನ್ನು, ಮೀಸಲಿಟ್ಟಿತು. ಕನ್ನಡದಲ್ಲಿ ನಡೆದದ್ದು ಉಲ್ಟಾ. ಇರುಳಿಡೀ ಹಾಡುವ ಮಂಟೇಸ್ವಾಮಿಯ ಕಥೆ, ಮಲೆಯ ಮಾದಪ್ಪನ ಕಥೆ ಧ್ವನಿಸುರುಳಿಗೆ ಬಂದಾಗ ಬದಿಗೆ ಅರ್ಧ ಗಂಟೆಯಂತೆ ತುಂಡಾದವು. ಮಳವಳ್ಳಿ ಮಹದೇವಸ್ವಾಮಿ ಅವರಂಥವರ ಕಂಠ ಆ ಸುರುಳಿಗಳ ಮೂಲಕ ಮನೆಮನೆಗೆ ಹೋಯಿತು ಎಂಬುದು ದೊಡ್ಡ ಲಾಭವೇ. ಆದರೆ ರಾತ್ರಿ ಹತ್ತಕ್ಕೆ ಮೆಲ್ಲಗೆ ಶುರುವಾಗಿ ಬೆಳಗಿನ ಜಾವಕ್ಕೆ ಕಾವೇರುವ ನಡೆ, ಕೇಳುಗರು ನಡುವೆ ಹಾಕುವ ಮಾತು, ಗಾಯಕ ಹಾಡಿನಿಂದ ವಚನಕ್ಕೆ ಇಳಿದು ಮತ್ತೆ ಹಾಡಿಗೆ ಏರುವ ಬಗೆ ಅಷ್ಟರಲ್ಲಿ ಹಿಡಿಯುವುದಿಲ್ಲ. ಈ ಕಾವ್ಯಗಳ ಪಠ್ಯವನ್ನು ವಿದ್ವಾಂಸರು ಶ್ರಮಪಟ್ಟು ಸಂಗ್ರಹಿಸಿ ದಪ್ಪ ದಪ್ಪ ಪುಸ್ತಕ ಮಾಡಿದ್ದಾರೆ. ತಂಬೂರಿ, ಗಗ್ಗರ, ದಮ್ಮಡಿ, ಮುಮ್ಮೇಳ, ಹಿಮ್ಮೇಳ ಎಂದು ಒಂದೊಂದಕ್ಕೂ ಬೇರೆ ಟ್ರ್ಯಾಕು ಕೊಟ್ಟು ಇಡೀ ರಾತ್ರಿಯನ್ನು ಮುದ್ರಿಸುವ ಕೆಲಸಕ್ಕೆ ಮಾತ್ರ ಅಂಥ ಶ್ರಮ ಸಂದಿಲ್ಲ. ಅಕ್ಷರಕ್ಕೆ ಸಂದ ಗೌರವ ನಾದಕ್ಕೂ ಸಲ್ಲಬೇಕು.

ಇದಕ್ಕೆ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಮೊದಲನೆಯದು, ಯಂತ್ರ ಬಂದರೆ ಜನಪದದ ಸಹಜತೆ ಹೋಗುತ್ತದೆ ಎಂಬುದು. ಯಂತ್ರ ಈಗಾಗಲೇ ಬಂದಿದೆ. ಕಂಬದ ಹಾರ್ನು ಯಂತ್ರವಲ್ಲದೆ ಮತ್ತೇನು? ಕೆಟ್ಟ ಯಂತ್ರವನ್ನು ಸಹಜವೆಂದು ಒಪ್ಪಿಕೊಂಡು ಒಳ್ಳೆಯದನ್ನು ಕೃತಕವೆಂದು ದೂಡುವುದರಲ್ಲಿ ನ್ಯಾಯವಿಲ್ಲ. ಶಾಸ್ತ್ರೀಯ ಸಂಗೀತಗಾರರು ಈ ಅಳುಕನ್ನು ಎಂದೋ ದಾಟಿದರು. ಕೊಳಲುವಾದಕರೂ ಎಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಬೆಂಗಳೂರಿನಲ್ಲಿ ಕಟ್ಟಿದ ರಾಡೆಲ್ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ಇಂದು ಕಛೇರಿಗಳ ಮಾಮೂಲು ಸಂಗಾತಿ. ಸಂಗೀತಗಾರನ ಅಗತ್ಯ ಅರಿತವರು ಅವನಿಗಾಗಿಯೇ ಉಪಕರಣ ಮಾಡಿದರು. ನೀಲಗಾರರ ತಂಬೂರಿಯ ಮರಕ್ಕೆ ಅಂಟಿಸಿ ಅದರ ಕಂಪನವನ್ನೇ ನೇರವಾಗಿ ಹಿಡಿಯುವ ಒಂದು ಪಿಕಪ್ಪನ್ನು ರೂಪಿಸುವುದು ಅದೇ ಊರಿನ ಎಂಜಿನಿಯರುಗಳಿಗೆ ಆಗದಷ್ಟು ಕಷ್ಟದ ಕೆಲಸವಲ್ಲ.

ಎರಡನೆಯ ಆಕ್ಷೇಪ ಸದ್ದಿನದು. ರಾಕ್ ಎಂದರೆ ಕಿವಿ ಒಡೆಯುವ ಅಬ್ಬರ, ಹಳ್ಳಿಗಳಲ್ಲಿ ಡಿಜೆ ಸೆಟ್ಟುಗಳ ಹಾವಳಿಯೇ ಸಾಕಾಗಿದೆ ಎನ್ನುವವರಿದ್ದಾರೆ. ಅವರ ಆತಂಕ ನಿಜವಾದದ್ದು. ಮಾರ್ಷಲ್ ಪೆಟ್ಟಿಗೆಗೆ ಕಾರಣರಾದ ಟೌನ್‌ಶೆಂಡ್ ಸ್ವತಃ ತಮ್ಮ ಕಿವಿ ಹಾಳಾದದ್ದನ್ನು ಬಹಿರಂಗವಾಗಿ ಹೇಳಿಕೊಂಡು, ಬೇರೆ ಸಂಗೀತಗಾರರನ್ನು ಎಚ್ಚರಿಸಿದರು. ಆದರೆ ಹಿಡಿತವಿರುವ ಧ್ವನಿವ್ಯವಸ್ಥೆಯ ಮೊದಲ ಫಲವೇ ಸದ್ದು ತಗ್ಗುವುದು. ಪ್ರತಿ ವಾದ್ಯವೂ ತನ್ನ ಜಾಗದಲ್ಲಿ ಕೇಳಿಸಿದರೆ ಒಂದನ್ನು ಮೀರಿಸಲು ಇನ್ನೊಂದನ್ನು ಏರಿಸಬೇಕಾಗಿಲ್ಲ. ಸ್ಪೀಕರುಗಳು ಕೇಳುಗರ ಹತ್ತಿರವೇ ಇದ್ದರೆ ಊರಾಚೆಯ ಗದ್ದೆಗೆ ಕೂಗಿ ಹೇಳಬೇಕಾಗಿಲ್ಲ.

ಇದು ಕಾನೂನಿನ ಪ್ರಶ್ನೆಯೂ ಹೌದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬಹರಿದಿನಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಮಾತ್ರ ಸಡಿಲಿಕೆ ಕೊಡಬಹುದು. ಬೆಳಗಾಗುವವರೆಗೆ ಹಾಡುವ ಪರಂಪರೆಗೆ ಇದು ನೇರ ಪೆಟ್ಟು. ಆದರೆ ಸಭಾಂಗಣ, ಸಮುದಾಯ ಭವನಗಳಂಥ ಮುಚ್ಚಿದ ಜಾಗದೊಳಗಿನ ಬಳಕೆಗೆ ಅದೇ ನಿಯಮ ವಿನಾಯಿತಿ ಕೊಡುತ್ತದೆ. ಸಮುದಾಯ ಭವನ ಇರುವ ಊರುಗಳಲ್ಲಿ ನೂರಿನ್ನೂರು ಜನರನ್ನು ಕೂರಿಸಿಕೊಂಡು, ಹಾರ್ನ್ ಬಿಚ್ಚಿಟ್ಟು, ಸಣ್ಣ ಸ್ಪೀಕರುಗಳ ಮೆಲುದನಿಯಲ್ಲಿ ಮಂಟೇಸ್ವಾಮಿ ಕಥೆಯನ್ನು ನಸುಕಿನವರೆಗೂ ನಡೆಸಲು ಅಡ್ಡಿಯಿಲ್ಲ. ಈಗಿನ ಮೈಕ್‌ಸೆಟ್ಟಿನ ಪದ್ಧತಿಯೇ ಮುಂದುವರಿದರೆ ಇರುಳ ಹಾಡು ಹಂತಹಂತವಾಗಿ ಸಂಜೆಯ ಪ್ರದರ್ಶನವಾಗುತ್ತದೆ, ಆಮೇಲೆ ಹತ್ತು ನಿಮಿಷದ ತುಣುಕಾಗುತ್ತದೆ.

ಮೂರನೆಯದು ಹಣ. ಇಲ್ಲಿ ರಾಕ್ ಚರಿತ್ರೆಯ ಇನ್ನೊಂದು ಎಳೆ ಉಪಯೋಗಕ್ಕೆ ಬರುತ್ತದೆ. ಬೀಟಲ್ಸ್ 1968ರಲ್ಲಿ, ಗ್ರೇಟ್‌ಫುಲ್ ಡೆಡ್ 1973ರಲ್ಲಿ ತಮ್ಮದೇ ರೆಕಾರ್ಡ್ ಸಂಸ್ಥೆ ಕಟ್ಟಿದರು. ನಾದದ ಮೇಲಿನ ಹಿಡಿತ ಅದರ ಆದಾಯದ ಮೇಲಿನ ಹಿಡಿತವೂ ಆಗಬೇಕೆಂದು ಅವರಿಗೆ ಗೊತ್ತಿತ್ತು. ಭಾರತದಲ್ಲಿ 2012ರ ತಿದ್ದುಪಡಿಯ ನಂತರ ಕೃತಿಸ್ವಾಮ್ಯ ಕಾಯ್ದೆ ಹಾಡಿದವರಿಗೂ ನುಡಿಸಿದವರಿಗೂ ತಮ್ಮ ಪ್ರದರ್ಶನದ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕು ಕೊಟ್ಟಿದೆ. ಇಡೀ ರಾತ್ರಿಯ ಮುದ್ರಣ ಮೇಳದವರ ಹೆಸರಿನಲ್ಲೇ ಉಳಿದರೆ, ಅದರಿಂದ ಬರುವ ಹಣವೂ ಅವರ ಮನೆಗೇ ಸೇರುತ್ತದೆ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಜಿಲ್ಲಾ ಉತ್ಸವಗಳಿಗೆ ಜನಪದ ತಂಡಗಳನ್ನು ಕರೆಯುತ್ತದೆ. ಆ ಕರೆಯ ಜೊತೆಗೆ ಒಂದು ಹಾಳೆ ಸೇರಿಸುವುದು ಇಂದೇ ಆಗಬಹುದಾದ ಕೆಲಸ: ತಂಡದಲ್ಲಿ ಎಷ್ಟು ಜನ, ಯಾವ್ಯಾವ ವಾದ್ಯ, ಯಾವುದಕ್ಕೆ ಎಂಥ ಮೈಕು, ಯಾರು ಎಲ್ಲಿ ನಿಲ್ಲುತ್ತಾರೆ. ಅದನ್ನು ತುಂಬುವವರು ಮೇಳದವರೇ ಆಗಿರಲಿ, ಅದರಂತೆ ಏರ್ಪಾಟು ಮಾಡುವುದು ಧ್ವನಿ ಗುತ್ತಿಗೆದಾರರ ಕರಾರಿನ ಷರತ್ತಾಗಲಿ. ಶಿಗ್ಗಾವಿ ಬಳಿಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಪ್ರತಿ ಮೇಳದಿಂದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕರೆಸಿಕೊಂಡು ಮಿಕ್ಸರ್ ನಡೆಸುವುದನ್ನೂ ಮುದ್ರಿಸುವುದನ್ನೂ ಕಲಿಸಲಿ. ದಮ್ಮಡಿಯ ಪೆಟ್ಟು ಎಲ್ಲಿ ಮುಂದೆ ಬರಬೇಕು, ಕಥೆಯ ಯಾವ ತಿರುವಿನಲ್ಲಿ ತಂಬೂರಿಯೊಂದೇ ಉಳಿಯಬೇಕು ಎಂಬುದು ಆ ಮಕ್ಕಳಿಗೆ ಮನೆಯಲ್ಲೇ ಗೊತ್ತಿರುತ್ತದೆ, ಬಾಡಿಗೆ ಮೈಕ್‌ಸೆಟ್ಟಿನವರಿಗೆ ಗೊತ್ತಿರುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ನೆಲೆ. ಮೊದಲ ಇಡೀ ರಾತ್ರಿಯ ಬಹುಟ್ರ್ಯಾಕ್ ಮುದ್ರಣ ಅಲ್ಲೇ, ಅಲ್ಲಿಗೆ ನಡೆದುಕೊಳ್ಳುವ ನೀಲಗಾರರ ಒಪ್ಪಿಗೆ ಪಡೆದು, ಅವರ ಹಕ್ಕನ್ನು ಬರವಣಿಗೆಯಲ್ಲಿ ಕೊಟ್ಟು ನಡೆಯಲಿ.